ಬನ್ನಿಯ ಜೊತೆ ಹೋದ ನೋಟಿಸು

ತಾನು ಬರೆದದ್ದನ್ನು ಜನ ಓದುತ್ತಾರೆ ಎಂಬ ಭ್ರಮೆ ಲೋಕದಲ್ಲಿ ಇಬ್ಬರಿಗೆ ಗಟ್ಟಿಯಾಗಿ ಇರುತ್ತದೆ. ಒಬ್ಬ, ಮದುವೆಯಾದ ಹೊಸದರಲ್ಲಿ ತವರಿಗೆ ಹೋದ ಹೆಂಡತಿಗೆ ಆರು ಪುಟದ ಕಾಗದ ಬರೆಯುವವನು. ಇನ್ನೊಬ್ಬ, ಶಾಲೆಯಲ್ಲಿ ಕುಳಿತು ಪಾಲಕರಿಗೆ ನೋಟಿಸು ಬರೆಯುವ ಮಾಸ್ತರ. ನಾನು ಎರಡೂ ಮಾಡಿದವನು. ರಾಮದುರ್ಗದ ತವರಿನಿಂದ ನನ್ನ ಆರು ಪುಟಕ್ಕೆ ಬಂದ ಉತ್ತರ ಒಂದೇ ಸಾಲಿನದು: "ಕಾಗದ ಮುಟ್ಟಿತು, ಬರುವಾಗ ಮನೆಯ ಕೀಲಿ ಮರೆಯದೆ ತರುವುದು." ನೋಟಿಸಿಗೆ ಅಷ್ಟೂ ಬರುತ್ತಿರಲಿಲ್ಲ. ಆದರೂ ನಾನು ಎದೆಗುಂದಿದವನಲ್ಲ. ನನ್ನ ಅಕ್ಷರ ಮುತ್ತಿನಂಥವು ಎಂದು ಬೈಲಹೊಂಗಲದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮಪ್ಪನೇ ಒಪ್ಪಿಕೊಂಡಿದ್ದ. "ಅಕ್ಷರ ಚಲೋ ಅದಾವ, ಅಕಲು ಒಂದು ಇಲ್ಲ" ಎಂಬುದು ಅವನ ಪೂರ್ತಿ ಮಾತು. ನಾನು ಅದರ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡು ಮಾಸ್ತರನಾದೆ.

ಎಪ್ಪತ್ತರ ದಶಕದ ಮಾತು. ಮುರಗೋಡದಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ, ಏಳನೆಯ ಇಯತ್ತೆಯವರೆಗಿನ ಶಾಲೆಯಲ್ಲಿ ನಾನು ಸಹಾಯಕ ಮಾಸ್ತರ. ದಸರೆ ಹತ್ತಿರ ಬಂತೆಂದರೆ ಹೆಡ್ ಮಾಸ್ತರರು ಒಂದು ಚಿಟಿಕೆ ನಶ್ಯ ಏರಿಸಿ, "ಹೂಂ, ಪಾಲಕರಿಗೆ ಒಂದು ಬರೀರಿ" ಎನ್ನುತ್ತಿದ್ದರು. ನಾನು ಕಾರ್ಬನ್ ಹಾಳೆ ಇಟ್ಟು ಶುರು ಮಾಡುತ್ತಿದ್ದೆ. "ಪಾಲಕ ಬಂಧುಗಳಲ್ಲಿ ಸವಿನಯ ವಿನಂತಿ. ಶಾಲೆಯು ಇಂಥ ತಾರೀಖಿಗೆ ಕಡ್ಡಾಯವಾಗಿ ಪುನಃ ಪ್ರಾರಂಭವಾಗುವುದು. ಮಕ್ಕಳ ಕೂದಲು ಕತ್ತರಿಸಿ ಕಳಿಸತಕ್ಕದ್ದು. ಆರು ತಿಂಗಳ ಪರೀಕ್ಷೆ ಸಮೀಪಿಸಿರುವುದರಿಂದ ಶೇಂಗಾ ಕೀಳಲೆಂದು ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಕೂಡದು. ಚಳಿ ಬೀಳುವುದರಿಂದ ಕಡ್ಡಾಯವಾಗಿ ಮೈತುಂಬ ಅರಿವೆ ಹಾಕತಕ್ಕದ್ದು." ಒತ್ತಿ ಬರೆದರೆ ಒಂದು ಸಲಕ್ಕೆ ನಾಲ್ಕು ಪ್ರತಿ. ನಾಲ್ಕನೆಯದರಲ್ಲಿ ಅಕ್ಷರ ಕಾಣುತ್ತಿರಲಿಲ್ಲ, ನಂಬಿಕೆಯಿಂದ ಓದಬೇಕಾಗಿತ್ತು.

ಈ ನೋಟಿಸುಗಳು ಮನೆ ಮುಟ್ಟಿದ ಮೇಲೆ ಏನಾಗುತ್ತಿದ್ದವು ಎಂಬುದನ್ನು ನನಗೆ ತಿಳಿಸಿದವಳು ಬಾಳವ್ವ. ಬಾಳವ್ವ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದಳು. ಆಗ ಗೋಣಿಚೀಲದಲ್ಲಿ ಬರುತ್ತಿದ್ದ ಆ ಗೋಧಿ ನುಚ್ಚಿಗೆ ಸ್ವಂತ ರುಚಿಯೆಂಬುದೇ ಇರಲಿಲ್ಲ. ಅದಕ್ಕೆ ರುಚಿ ಬರುತ್ತಿದ್ದದ್ದು ಇವಳ ಕೈಯಿಂದ. ಓದು ಬರಹ ಇಲ್ಲ. ಸಹಿಗೆ ಹೆಬ್ಬೆಟ್ಟು. ಆದರೆ ಊರಿನ ಯಾವ ಮನೆಯಲ್ಲಿ ಯಾವ ಹುಡುಗ ಯಾಕೆ ಶಾಲೆಗೆ ಬಂದಿಲ್ಲ ಎಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಅವಳಿಗೆ ಗೊತ್ತು. ಒಂದು ದಿನ ಪಾತ್ರೆ ತಿಕ್ಕುತ್ತ ನನ್ನ ನೋಟಿಸುಗಳ ಗತಿ ವರದಿ ಮಾಡಿದಳು. "ಒಬ್ಬರ ಮನ್ಯಾಗ ತಂಬಾಕ ಕಟ್ಟಿ ಇಟ್ಟಾರ್ರಿ. ಇನ್ನೊಬ್ಬರ ಮನ್ಯಾಗ ಸರಕಾರಿ ಕಾಗದ ಅಂತ ಜಗಲಿ ಮ್ಯಾಲ ಇಟ್ಟು ಕುಂಕುಮ ಹಚ್ಚ್ಯಾರ. ಹೊಲಿಗಿ ಭೀಮಣ್ಣ ಒಬ್ಬನ ನೋಡ್ರಿ ಪೂರಾ ಓದ್ಯಾನ." ಭೀಮಣ್ಣ ನಮ್ಮೂರಿನ ದರ್ಜಿ. ಅವನ ಹೊಲಿಗೆ ಯಂತ್ರದ ಮೇಲೆ ಬುದ್ಧನ ಪಟ, ಪಟದ ಪಕ್ಕದಲ್ಲಿ ಮೊಳೆಗೆ ಸಿಕ್ಕಿಸಿದ ನನ್ನ ನೋಟಿಸು. ಅವನು ಹಾದಿಯಲ್ಲಿ ನನ್ನನ್ನು ನಿಲ್ಲಿಸಿ, "ಮಾಸ್ತರ, ಎರಡನೇ ಸಾಲಿನ್ಯಾಗೂ 'ಕಡ್ಡಾಯವಾಗಿ' ಬರದೀರಿ, ಐದನೇ ಸಾಲಿನ್ಯಾಗೂ ಬರದೀರಿ. ಒಂದು ತಗದ್ರ ಚಲೋ ಆಗತೈತಿ" ಎಂದಿದ್ದ. ನನಗೆ ಸಿಟ್ಟು ಬಂದರೂ ಓದುಗನೊಬ್ಬ ಇದ್ದಾನಲ್ಲ ಎಂದು ಸಂತೋಷವೇ ಆಯಿತು.

ಆ ವರ್ಷದ ದಸರೆಗೆ ಮಾತ್ರ ಪರಿಸ್ಥಿತಿ ನಗುವಂಥದ್ದಾಗಿರಲಿಲ್ಲ. ನಮ್ಮ ಏಳನೆಯ ಇಯತ್ತೆಯನ್ನು ಪ್ರಯೋಗಕ್ಕೆಂದು ಕೊಟ್ಟಿದ್ದರು. ರಜೆ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಇಪ್ಪತ್ತು ಮಕ್ಕಳನ್ನು ಕಣ್ಣಾರೆ ಎಣಿಸಬೇಕು, ಒಂದು ಕಡಿಮೆಯಾದರೂ ತರಗತಿ ರದ್ದು ಎಂದು ಪತ್ರ ಬಂತು. ಹಾಜರಿ ಪುಸ್ತಕದಲ್ಲಿ ಇದ್ದದ್ದೇ ಇಪ್ಪತ್ತು ಹೆಸರು. ತರಗತಿ ಹೋದರೆ ಗಂಡುಹುಡುಗರು ಹೇಗೋ ಮುರಗೋಡಕ್ಕೆ ನಡೆದು ಹೋಗುತ್ತಿದ್ದರು. ಏಳು ಜನ ಹುಡುಗಿಯರನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಅವರ ಓದು ಅಲ್ಲಿಗೇ ಮುಗಿದಂತೆ. ಆ ಏಳರಲ್ಲಿ ನನ್ನ ಮಗಳು ಶಾಂತಾ ಒಬ್ಬಳು.

ಯಾವ ದಿನ ಅನುಕೂಲ ತಿಳಿಸಿರಿ ಎಂದು ಸಾಹೇಬರೇ ಕೇಳಿದ್ದರು. ಹೆಡ್ ಮಾಸ್ತರರು ಆ ಕೆಲಸ ನನಗೆ ಹಚ್ಚಿದರು. ನಾನು ಗೋಡೆಯ ಇಂಗ್ಲಿಷ್ ಕ್ಯಾಲೆಂಡರ್ ನೋಡಿ, ರಜೆ ಮುಗಿಯುವ ಸೋಮವಾರವೇ ಬರಬಹುದು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಟಪಾಲಿಗೆ ಹಾಕಿದೆ. ಸಂಜೆ ಮನೆಯಲ್ಲಿ ಕುಳಿತು ಪಾಲಕರ ನೋಟಿಸು ಬರೆಯುವಾಗ ನನ್ನ ಹೆಂಡತಿ ಒಳಗಿನಿಂದ ಏನೋ ಹೇಳಿದಳು. "ಹೂಂ" ಎಂದೆ. ಮತ್ತೇನೋ ಹೇಳಿದಳು. "ಹೂಂ ಹೂಂ" ಎಂದೆ. 'ಕಡ್ಡಾಯವಾಗಿ' ಎಂಬ ಪದವನ್ನು ಒಂದೇ ಸಲ ತರುವುದು ಹೇಗೆಂದು ನಾನು ಒದ್ದಾಡುತ್ತಿದ್ದೆ. ಸಂಸಾರದಲ್ಲಿ "ಹೂಂ" ಎಂಬುದು ಎಂಥ ಅಪಾಯಕಾರಿ ಸಹಿ ಎಂದು ಆಗ ನನಗೆ ತಿಳಿದಿರಲಿಲ್ಲ.

ರಜೆ ಬಿಡುವ ಮುಂಚಿನ ದಿನ ನೋಟಿಸನ್ನು ಬಾಳವ್ವನಿಗೆ ಓದಿ ಹೇಳಿದೆ. ಅವಳು ಬೆರಳು ಮಡಿಚಿ ಲೆಕ್ಕ ಹಾಕಿ, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಮಾಸ್ತರ, ಬುಧವಾರ ಬನ್ನಿ ಹಬ್ಬ. ಅಲ್ಲಿಂದ ಐದು ದಿನಕ್ಕ ಏನು ಬರತೈತಿ?"

"ಸೋಮವಾರ."

"ಸೀಗಿ ಹುಣ್ಣಿಮಿ ಬರತೈತ್ರಿ! ಆವತ್ತ ಊರಾಗ ನಾಯಿ ಸೈತ ಇರೂದಿಲ್ಲ. ಎಲ್ಲಾರೂ ಚರಗ ಚೆಲ್ಲಾಕ ಹೊಲಕ್ಕ ಹೋಗಿರತಾರ. ನೀವು ಸಾಹೇಬ್ರಿಗೆ ಯಾರನ್ನ ತೋರಸ್ತೀರಿ, ಬೆಂಚನ್ನ?"

ಸೀಗೆ ಹುಣ್ಣಿಮೆಯ ದಿನ ಬೆಳೆ ಹೊತ್ತು ನಿಂತ ಭೂಮಿತಾಯಿಗೆ ಚರಗವೆಂದು ನೈವೇದ್ಯ ಚೆಲ್ಲಿ ಹೊಲದಲ್ಲೇ ಉಣ್ಣುವುದನ್ನು ನಾನು ತಿಳಿಯದವನೇನಲ್ಲ. ಆದರೆ ಅಂಗಡಿಯ ಮನೆಯಲ್ಲಿ ಬೆಳೆದವನಿಗೆ ಹುಣ್ಣಿಮೆ ಎಂದರೆ ಯಾರೋ ಗಿರಾಕಿಗಳು ಕಳಿಸಿದ ಶೇಂಗಾ ಹೋಳಿಗೆ. ಅದು ಯಾವ ವಾರ ಬರುತ್ತದೆಂದು ನೋಡುವ ರೂಢಿ ಇರಲಿಲ್ಲ. ರೈತರ ಮನೆಯ ಮೂರು ವರ್ಷದ ಕೂಸೂ ಮಾಡದ ತಪ್ಪನ್ನು ಹದಿನೈದು ವರ್ಷದ ಅನುಭವದ ಮಾಸ್ತರ ಮಾಡಿ ಕುಳಿತಿದ್ದ. ಸಾಹೇಬರ ಪ್ರವಾಸ ನಿಗದಿಯಾಗಿ ಹೋಗಿತ್ತು. ಬದಲಿಸಿರಿ ಎಂದು ಈಗ ಕಾಗದ ಬರೆದರೆ ಅದು ಸವದತ್ತಿಯ ಅವರ ಕಚೇರಿ ಮುಟ್ಟುವುದರೊಳಗೆ ಸಾಹೇಬರು ನಮ್ಮೂರು ಮುಟ್ಟುತ್ತಿದ್ದರು. ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಬೈಯಲಿಲ್ಲ, ನಶ್ಯದ ಡಬ್ಬಿಯನ್ನೇ ನೋಡುತ್ತ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದು ಗಟ್ಟಿ ನೋಟಿಸು ಬರೆಯುತ್ತೇನೆ, ಆ ದಿನ ಹೊಲಕ್ಕೆ ಹೋಗಕೂಡದು ಅಂತ" ಎಂದು ನಾನು ಪೆನ್ನು ತೆಗೆದೆ.

ಬಾಳವ್ವ ನಕ್ಕಳು. "ಭೂಮಿತಾಯಿಗೆ ನೋಟಿಸು ಕೊಡತೀರೇನ್ರಿ? ಇರಲಿ, ನನಗೊಂದು ಹೇಳ್ರಿ. ನೀವು ಪಾಲಕರು ಪಾಲಕರು ಅಂತೀರಲ್ಲ, ಅವರು ಯಾರು?"

"ಯಾರೆಂದರೆ? ಹುಡುಗರ ಅಪ್ಪ."

"ಅಪ್ಪಗ ತನ್ನ ಮಗ ಎಷ್ಟನೇತ್ತೆ ಅದಾನ ಅನ್ನೂದ ಗೊತ್ತಿರೂದಿಲ್ಲ. ಹುಡುಗೂರನ್ನ ಸಾಲಿಗೆ ಕಳಸೂದು ಬಿಡೂದು ಮನ್ಯಾಗಿನ ಮುದುಕಿ ಕೈಯಾಗ ಐತ್ರಿ. ಮುದುಕಿ ಹೂಂ ಅಂದ್ರ ಕೂಸು ಸಾಲಿಗೆ, ಊಂಹೂಂ ಅಂದ್ರ ಶೇಂಗಾ ಹೊಲಕ್ಕ. ಇಷ್ಟು ವರ್ಷ ನೀವು ಮುದುಕ್ಯಾರಿಗೆ ಬಾಯಿಲೆ ಹೇಳೂದು ಬಿಟ್ಟು, ಓದಲಾರದ ಗಂಡಸರಿಗೆ ಬರಕೋತ ಬಂದೀರಿ. ನನ್ನ ಕೈಯಾಗ ಬಿಡ್ರಿ. ಮುಂದಿನ ವರ್ಷ ನನ್ನ ಮೊಮ್ಮಗಳು ಕಸ್ತೂರಿ ಏಳನೇತ್ತೆಗೆ ಬರತಾಳ. ಆಕಿ ಬರೂತನ ಕ್ಲಾಸು ಇರಬೇಕು."

ಕೊನೆಯ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ. ನಾನು ಪೆನ್ನಿಗೆ ಟೊಪ್ಪಿಗೆ ಹಾಕಿದೆ.

ದಸರೆಯ ದಿನ ಸಂಜೆ ನಮ್ಮ ಕಡೆ ಎಲ್ಲರೂ ಎಲ್ಲರ ಮನೆಗೆ ಹೋಗಿ ಬನ್ನಿಯ ಎಲೆ ಕೊಟ್ಟು, ಹಿರಿಯರ ಕಾಲು ಮುಟ್ಟುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಬನ್ನಿ ಬೇಡ ಎನ್ನುವಂತಿಲ್ಲ. ಬಾಳವ್ವ ಸೆರಗಿನ ತುಂಬ ಬನ್ನಿ ಕಟ್ಟಿಕೊಂಡು ಹತ್ತೊಂಬತ್ತು ಮನೆ ತಿರುಗಿದಳು. ಅಂಗಳದ ಗಂಡಸರನ್ನು ದಾಟಿ ನೇರವಾಗಿ ಅಡುಗೆಮನೆಗೆ, ಅಲ್ಲಿಯ ಮುದುಕಿಯ ಮುಂದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಯವ್ವಾ. ಹುಣ್ಣಿಮಿ ದಿನ ನಿಮ್ಮ ಹೊಲದಾಗ ಚರಗ ಚೆಲ್ಲಿ, ಉಣ್ಣೂ ಬುಟ್ಟಿ ಮಾತ್ರ ಹೊತ್ಕೊಂಡು ಗೌಡ್ರ ಹೊಲದ ಹುಣಸಿಮರದ ಬುಡಕ್ಕ ಬರ್ರಿ. ಏಳನೇತ್ತೆ ಕೂಸನ್ನ ಕರಕೊಂಡ ಬರ್ರಿ. ಸಾಹೇಬ್ರು ನಿಮ್ಮ ಕೈ ಕಡಬು ಉಣ್ಣಾಕ ಬರಾಕ ಹತ್ತ್ಯಾರ." ಬನ್ನಿ ಕೈಯಲ್ಲಿರುವಾಗ ಇಲ್ಲ ಎನ್ನಲು ಯಾವ ಮುದುಕಿಗೂ ಬಾಯಿ ಬರಲಿಲ್ಲ. ಸಾಹೇಬರು ತನ್ನ ಕಡಬು ಬಿಟ್ಟು ಪಕ್ಕದ ಮನೆಯವಳ ಕಡಬು ಉಂಡಾರು ಎಂಬ ಚಿಂತೆಯೂ ಒಬ್ಬೊಬ್ಬರಲ್ಲಿ ಹುಟ್ಟಿತು.

ನಮ್ಮ ಮನೆಗೂ ಬಂದಳು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಬನ್ನಿ ಕೊಟ್ಟು, "ಅಕ್ಕಾರಿಗೂ ಒಂದು ಮಾತು ಹೇಳತೇನ್ರಿ" ಎಂದು ಒಳಗೆ ಹೆಜ್ಜೆ ಇಟ್ಟಳು. "ಏ ಬಾಳವ್ವ, ನಮ್ಮನಿಗೆ ಯಾಕ? ನೋಟಿಸು ಬರದಾಂವ ನಾನ ಇಲ್ಲಿ ಕುಂತೇನಿ!" ಎಂದು ಠೀವಿಯಿಂದ ನಕ್ಕು ತಡೆದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಹಾಗೇ ಹೋದಳು.

ಸೋಮವಾರ ನಸುಕಿನಲ್ಲೇ ನಾನು ಕರಿಹಲಗೆ, ಹಾಜರಿ ಪುಸ್ತಕ ಎಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಗೌಡರ ಹೊಲಕ್ಕೆ ಹೋದೆ. ಹೆಡ್ ಮಾಸ್ತರರು ಸಾಹೇಬರನ್ನು ಕರೆತರಲು ಶಾಲೆಯ ಬಾಗಿಲಲ್ಲೇ ನಿಂತರು. ಹೊತ್ತೇರುತ್ತಿದ್ದಂತೆ ಎದೆಯೆತ್ತರದ ಜೋಳದ ನಡುವಿನ ಕಾಲುದಾರಿಗಳಿಂದ ಬುಟ್ಟಿಗಳು ಬರತೊಡಗಿದವು. ಬುಟ್ಟಿಯ ಕೆಳಗೆ ಮುದುಕಿ, ಮುದುಕಿಯ ಹಿಂದೆ ಸೊಸೆ, ಸೊಸೆಯ ಹಿಂದೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ವಿದ್ಯಾರ್ಥಿ. ಎಲ್ಲರಿಗಿಂತ ಹಿಂದೆ, ಕರೆಯದೆಯೇ ಬಂದ ಅಪ್ಪಂದಿರು. ಹದಿನೈದು ವರ್ಷ ಪಾಲಕರ ಸಭೆ ಕರೆದು ಮೂರು ಜನರ ಮುಂದೆ ಭಾಷಣ ಮಾಡಿದ ನನಗೆ ಆ ಜಾತ್ರೆ ನೋಡಿ ಕಣ್ಣು ಒದ್ದೆಯಾದವು. ಬಾಳವ್ವ ಗೌಡರ ಮೊಮ್ಮಗನನ್ನೂ ಭೀಮಣ್ಣನ ಮಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ತಲೆ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. ಎರಡು ಸಲ ಎಣಿಸಿ ಒಮ್ಮೆ ನನ್ನ ಕಡೆ ನೋಡಿದವಳು, ಯಾರಿಗೂ ಹೇಳದೆ ರಸ್ತೆಯ ಕಡೆ ಓಡಿದಳು. ಮಜ್ಜಿಗೆ ತರಲು ಹೋದಳೆಂದು ನಾನು ತಿಳಿದೆ.

ಸಾಹೇಬರು ಬಂದರು. ಹಾದಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡೇ ಬಂದಿರಬೇಕು; ಹೆಡ್ ಮಾಸ್ತರರು ಬೆವರಿದ್ದರು. ಮರದ ಬುಡದ ಜನವನ್ನು ನೋಡಿ ಸಾಹೇಬರು ಒಂದು ಕ್ಷಣ ನಿಂತುಬಿಟ್ಟರು. "ಪಾಲಕರೂ ಬಂದಾರ?" ಎಂದರು. ಆಮೇಲೆ ಹಾಜರಿ ಪುಸ್ತಕ ತೆಗೆದು ತಾವೇ ಕರೆಯತೊಡಗಿದರು. ಒಂದೊಂದು "ಹಾಜರ್" ಕೇಳಿದಾಗಲೂ ನನ್ನ ಎದೆ ಒಂದು ಅಂಗುಲ ಉಬ್ಬುತ್ತಿತ್ತು. ಹತ್ತೊಂಬತ್ತಾಯಿತು. ಇಪ್ಪತ್ತನೆಯ ಹೆಸರು, "ಶಾಂತಾ."

ಸಾಹೇಬರು ಮತ್ತೊಮ್ಮೆ ಕರೆದರು. ಮರದಲ್ಲಿ ಗಿಳಿಯೊಂದು ಚೀರಿತು. ಆಗ ನನಗೆ, ಬರೆಯುತ್ತ ಕುಳಿತ ಆ ಸಂಜೆ ನನ್ನ ಹೆಂಡತಿ ಹೇಳಿದ ಮಾತು ಅಕ್ಷರಶಃ ಕೇಳಿಸಿತು: "ಅಲ್ಲರಿ, ಹುಣ್ಣಿಮಿಗೆ ಅವ್ವ ಕರದಾಳ, ಶಾಂತಾನ್ನ ಕರಕೊಂಡು ರಾಮದುರ್ಗಕ್ಕ ಹೋಗಿ ಬರತೇನಿ."

"ಯಾರ ಮಗಳಿಕಿ?"

ಹೆಡ್ ಮಾಸ್ತರರು ತಮ್ಮ ಚಪ್ಪಲಿ ನೋಡಿಕೊಂಡರು. "ನನ್ನ ಮಗಳು ಸಾಹೇಬ್ರ" ಎಂದೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಈ ಪಾಲಕರಿಗೆ ನೋಟಿಸು ಮುಟ್ಟಿಲ್ಲೇನು?"

ಅಲ್ಲಿದ್ದ ಹತ್ತೊಂಬತ್ತು ಮುದುಕಿಯರೂ ನನ್ನ ಕಡೆ ತಿರುಗಿದರು. ಏಳು ಹುಡುಗಿಯರ ಓದನ್ನು ನನ್ನದೊಂದು "ಹೂಂ" ನುಂಗಿ ಹಾಕಿತಲ್ಲ ಎಂದು ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಜೋಳದ ಸಾಲಿನಾಚೆ ಒಂದು ಟ್ರಂಕು ಕಾಣಿಸಿತು. ಟ್ರಂಕಿನ ಕೆಳಗೆ ಬಾಳವ್ವ. ಅವಳ ಕೈಹಿಡಿದು ಓಡುತ್ತ ಬರುತ್ತಿರುವ ಶಾಂತಾ. ಹಿಂದೆ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕೆಂಪೇರಿದ ಮುಖದ ನನ್ನ ಹೆಂಡತಿ.

"ಹಾಜರ್!" ಎಂದು ಶಾಂತಾ ಬದುವಿನ ಮೇಲಿಂದಲೇ ಕೂಗಿದಳು.

ಬಾಳವ್ವ ಟ್ರಂಕು ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ರಾಮದುರ್ಗದ ಬಸ್ಸು ತಡಾ ಆಗಿತ್ತು, ಪುಣ್ಯಾ. ತಪ್ಪು ನಂದರಿ ಸಾಹೇಬ್ರ. ಹತ್ತೊಂಬತ್ತು ಮನಿಗೆ ಹೇಳಿದೆ, ಮಾಸ್ತರ ಮನಿ ಒಂದು ಬಿಟ್ಟೆ." ನಾನೇ ತಡೆದದ್ದನ್ನು ಅವಳು ಹೇಳಲಿಲ್ಲ, ಆ ದಿನವೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ. ಓದು ಬಲ್ಲ ನಮ್ಮಂಥವರಲ್ಲಿ ಇಷ್ಟು ದೊಡ್ಡ ಮನಸ್ಸಿನವರನ್ನು ನಾನು ಕಂಡದ್ದು ಕಡಿಮೆ. ಸಾಹೇಬರು ಇಪ್ಪತ್ತು ಎಂದು ಬರೆದು ಸಹಿ ಹಾಕಿ, ಹತ್ತೊಂಬತ್ತು ಬುಟ್ಟಿಯ ಕಡಬನ್ನೂ ರುಚಿ ನೋಡಬೇಕಾಯಿತು. ಒಂದನ್ನೂ ಬಿಡಲು ಮುದುಕಿಯರು ಬಿಡಲಿಲ್ಲ. ಸಂಜೆ ಅವರನ್ನು ಇಬ್ಬರು ಸೇರಿ ಎಬ್ಬಿಸಬೇಕಾಯಿತು.

ತರಗತಿ ಉಳಿಯಿತು. ಮುಂದಿನ ವರ್ಷ ಕಸ್ತೂರಿ ಮೊದಲ ಬೆಂಚಿನಲ್ಲಿ ಬಂದು ಕುಳಿತಳು. ನಾನೂ ಬುದ್ಧಿ ಕಲಿತೆ. ಕಸ್ತೂರಿ ಬಂದ ವರ್ಷದ ದಸರೆಯ ನೋಟಿಸಿನ ಮೊದಲ ಪ್ರತಿಯನ್ನು, ಅಕ್ಷರ ಎದ್ದು ಕಾಣುವ ಪ್ರತಿಯನ್ನು, ನನ್ನ ಮನೆಗೇ ಒಯ್ದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಪಾಲಕ ಬಂಧುಗಳಲ್ಲಿ ಸವಿನಯ ವಿನಂತಿ" ಎಂದು ಹೆಂಡತಿಗೆ ಓದತೊಡಗಿದೆ. ಅವಳು ರೊಟ್ಟಿ ಬಡಿಯುತ್ತ ತಲೆ ಎತ್ತದೆ, "ಹೂಂ" ಎಂದಳು. ಎರಡನೆಯ ಸಾಲಿಗೆ, "ಹೂಂ ಹೂಂ" ಎಂದಳು. ನಾನು ಓದು ನಿಲ್ಲಿಸಿ, "ಕೇಳಾಕ ಹತ್ತೀಯೋ ಇಲ್ಲೋ?" ಎಂದು ರೇಗಿದೆ.

"ಯಾಕ ಗಂಟಲು ಹರಕೋತೀರಿ?" ಎಂದಳು ಅವಳು, ರೊಟ್ಟಿ ತಿರುವಿ ಹಾಕುತ್ತ. "ಅದೆಲ್ಲಾ ನಿನ್ನೇನ ಬಾಳವ್ವ ಬಂದು ಹೇಳಿ ಹೋಗ್ಯಾಳ."