ಸೇತುವೆ: ಭಾಗ ಒಂದು

ಬಹಳ ಹಿಂದೆ, ಜನರಿಗೆ ಸಿನಿಮಾ ನೋಡುವುದು ಬಂದಿದ್ದರೂ ದೊರೆಯನ್ನು ಪ್ರಶ್ನಿಸುವುದು ಇನ್ನೂ ಬಾರದಿದ್ದ ಕಾಲದಲ್ಲಿ, ನಿರೀಕ್ಷಾಪುರವೆಂಬ ರಾಜ್ಯವೊಂದಿತ್ತು. ಅಂಥ ಕಾಲ ಯಾವುದಪ್ಪಾ ಎಂದು ಇತಿಹಾಸದ ಪುಸ್ತಕ ತಿರುವಿಹಾಕುತ್ತಿರುವವರು ಅದನ್ನು ಬದಿಗಿಟ್ಟು ಕಥೆ ಕೇಳಿ.

ಆ ರಾಜ್ಯದ ಪ್ರಜೆಗಳಿಗೆ ‘ನೀಲಗ್ರಹ’ ಎಂಬ ಸಿನಿಮಾ ಸರಣಿಯೆಂದರೆ ಪ್ರಾಣ. ಮೂರು ಭಾಗಗಳು ಬಂದಿದ್ದವು. ಮೂರನೆಯದರ ಕೊನೆಯಲ್ಲಿ ನಾಯಕ ಗಗನನೌಕೆಯಿಂದಿಳಿದು ಗುರುತಿಲ್ಲದ ಗ್ರಹದ ಬಾಗಿಲಿಗೆ ಕೈ ಹಾಕುತ್ತಾನೆ, ಬಾಗಿಲು ಅರ್ಧ ತೆರೆಯುತ್ತದೆ, ಪರದೆಯ ಮೇಲೆ ‘ಮುಂದುವರಿಯುವುದು’ ಎಂದು ಬರುತ್ತದೆ. ಅಂದಿನಿಂದ ಪ್ರಜೆಗಳೆಲ್ಲ ಆ ಬಾಗಿಲಲ್ಲೇ ನಿಂತಿದ್ದರು. ಒಳಗೆ ರಾಕ್ಷಸನಿದ್ದಾನೆ ಎನ್ನುವುದು ಒಂದು ಪಂಗಡ, ನಾಯಕನ ಕಳೆದುಹೋದ ತಾಯಿಯಿದ್ದಾಳೆ ಎನ್ನುವುದು ಇನ್ನೊಂದು. ಇವೆರಡರ ನಡುವೆ ಹೆಣ್ಣು ಕೊಟ್ಟು ತರುವುದೂ ನಿಂತುಹೋಗಿತ್ತು. ನಾಲ್ಕನೆಯ ಭಾಗದ ಪೋಸ್ಟರ್ ಬಂದ ದಿನ ಅದಕ್ಕೆ ಕ್ಷೀರಾಭಿಷೇಕ ನಡೆದು, ಊರಿನ ಮಕ್ಕಳು ಬರೀ ಡಿಕಾಕ್ಷನ್ ಕುಡಿದು ಶಾಲೆಗೆ ಹೋದವು. ಯಾರೂ ಬೇಸರಪಡಲಿಲ್ಲ.

ಇದೇ ಸಮಯಕ್ಕೆ ರಾಜಧಾನಿಯ ಪಕ್ಕದ ಹೊಳೆ ಉಕ್ಕಿ ಹಳೆಯ ಸೇತುವೆ ಕೊಚ್ಚಿಹೋಯಿತು. ಆ ಸೆಳವಿಗೆ ಹೆದರಿ ಹರಿಗೋಲಿನವರೂ ನೀರಿಗಿಳಿಯಲಿಲ್ಲ. ಸೊಪ್ಪು ಮಾರುವ ಹೊನ್ನಮ್ಮನ ಮಗಳು ಚಿಕ್ಕತಾಯಿ ಆಚೆ ದಡದಲ್ಲಿ ತುಂಬು ಬಸುರಿ. ಹೊನ್ನಮ್ಮ ಬುಟ್ಟಿ ಇಳಿಸಿ ಸೀದಾ ಆಸ್ಥಾನಕ್ಕೆ ಬಂದಳು.

“ಬುದ್ಧಿ, ನನ್ ಮಗಳಿಗೆ ಇದು ಚೊಚ್ಚಲು. ನೋವು ತಿನ್ನೋ ಹೊತ್ತಲ್ಲಿ ನಾನು ಪಕ್ಕದಾಗಿರ್ಬೇಕು. ಬೇಗ ಒಂದು ಸೇತುವೆ ಮಾಡಿಸ್ಕೊಡಿ.”

ಮಹಾರಾಜ ಉತ್ಕಂಠವರ್ಮರು ಎಂದಿನಂತೆ ಪ್ರಚಾರಮಂತ್ರಿ ಪುಳಕರಾಯನ ಮುಖ ನೋಡಿದರು. ಆತ ಕೈಮುಗಿದು ಅರಿಕೆ ಮಾಡಿಕೊಂಡ: “ಪ್ರಭೂ, ಆ ಸಿನಿಮಾದವರನ್ನು ನೋಡಿ. ಅರ್ಧ ಬಾಗಿಲು ತೆರೆದು ಇಷ್ಟು ಕಾಲ ಜೈಕಾರ ಹಾಕಿಸಿಕೊಂಡಿದ್ದಾರೆ. ಪೂರ್ತಿ ತೆರೆದಿದ್ದರೆ ಜನ ಅಂದೇ ಮನೆಗೆ ಹೋಗಿ ಮಲಗುತ್ತಿದ್ದರು. ಮುಗಿದ ಸೇತುವೆಯ ಮೇಲೆ ಎಮ್ಮೆಗಳು ಓಡಾಡುತ್ತವೆ. ಮುಗಿಯದ ಸೇತುವೆಗೆ ಅಭಿಮಾನಿಗಳು ಹುಟ್ಟುತ್ತಾರೆ.”

ಮಹಾರಾಜರಿಗೆ ರೋಮಾಂಚನವಾಯಿತು. “ಹಾಗಾದರೆ ನಾವು ಇಷ್ಟು ದಿನ ಕಾಮಗಾರಿಗಳನ್ನು ಮುಗಿಸಿದ್ದು ತಪ್ಪೇ?”

“ತಾವು ಯಾವುದನ್ನೂ ಮುಗಿಸಿಲ್ಲ ಪ್ರಭೂ. ತಮ್ಮ ದೂರದೃಷ್ಟಿ ಅಂಥದು. ಅದಕ್ಕೊಂದು ಹೆಸರಿಡುವುದಷ್ಟೇ ಬಾಕಿಯಿತ್ತು.”

ಮರುದಿನವೇ ‘ಸೇತುವೆ: ಭಾಗ ಒಂದು’ ಘೋಷಣೆಯಾಯಿತು. ಮೊದಲು ಟೀಸರ್ ಬಂತು. ಅದರಲ್ಲಿ ಒಂದು ಕಲ್ಲು ಮಂಜಿನ ನಡುವೆ ಕಂಡು ಮಾಯವಾಯಿತು. ಜನ ಶಿಳ್ಳೆ ಹೊಡೆದರು. ಆಮೇಲೆ ಟ್ರೈಲರ್‌ನಲ್ಲಿ ಮಹಾರಾಜರು ಗಾರೆ ಕೆಲಸದ ಕರಣೆ ಹಿಡಿದು ನಿಧಾನವಾಗಿ ಹಿಂತಿರುಗಿ ನೋಡಿದರು. ಜನ ಹುಚ್ಚೆದ್ದು ಕುಣಿದರು. ಆಚೆ ದಡದಲ್ಲಿ ಏನಿರಬಹುದು ಎಂಬ ಚರ್ಚೆ ಹೋಟೆಲು, ಕ್ಷೌರದಂಗಡಿಗಳಲ್ಲಿ ಕಾವೇರಿತು. ಮೊನ್ನೆಮೊನ್ನೆ ಅಲ್ಲಿನ ಸಂತೆಯಲ್ಲಿ ಬದನೆಕಾಯಿ ಕೊಂಡು ತಂದವರೂ ಅಲ್ಲಿ ರಾಕ್ಷಸರಿದ್ದಾರೆಂದು ವಾದಿಸಿದರು. ಹೊನ್ನಮ್ಮನೊಬ್ಬಳು, “ಅಲ್ಲಿ ನನ್ ಬೀಗರ ಮನೆ ಐತೆ ಕಣ್ರಪ್ಪಾ” ಎಂದಳು. ಅಷ್ಟಕ್ಕೇ ಡಂಗುರದವ ಊರೆಲ್ಲ ಸಾರಿಕೊಂಡು ಬಂದ: ಆಚೆ ದಡದ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟು ಪ್ರಜೆಗಳ ಕುತೂಹಲ ಕೆಡಿಸುವವರು ರಾಜದ್ರೋಹಿಗಳು!

ಬಿಡುಗಡೆಯ ದಿನ ನಸುಕಿನಲ್ಲೇ ನೂಕುನುಗ್ಗಲು. ಹೊನ್ನಮ್ಮ ಬಾಣಂತಿ ಖಾರದ ಡಬ್ಬಿಯನ್ನು ಸೆರಗಿನೊಳಗೆ ಅವುಚಿಕೊಂಡು ಎಲ್ಲರನ್ನೂ ಒತ್ತರಿಸಿ ಮುಂದೆ ಹೋದಳು. ಸೇತುವೆ ಬಲು ಚಂದವಿತ್ತು. ಹೊಳೆಯ ನಟ್ಟನಡುವೆ ಅದು ಮುಗಿದುಹೋಯಿತು. ತುದಿಯಲ್ಲಿ ಹೂಮಾಲೆ ಹಾಕಿದ ಫಲಕ: ‘ಮುಂದುವರಿಯುವುದು.’

“ಅಬ್ಬಾ, ಎಂಥಾ ಕ್ಲೈಮ್ಯಾಕ್ಸು!” ಎಂದು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಹೊನ್ನಮ್ಮನ ಕಣ್ಣು ಆಚೆ ದಡದ ಮೇಲಿತ್ತು. ಅಲ್ಲಿ ಅವಳ ಅಳಿಯ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಿದ್ದ. ಅವನ ಪಕ್ಕ ಯಾರೂ ಇರಲಿಲ್ಲ.

“ಅಳಿಯಂದಿರೇ!” ಹೊನ್ನಮ್ಮ ಗಂಟಲು ಹರಿಯುವಂತೆ ಕೂಗಿದಳು. “ಮಗಳು ಹೆಂಗವ್ಳೆ? ಚಿಕ್ಕತಾಯಿ ಹೆಂಗವ್ಳೆ ಹೇಳಿ!”

ಅವನು ಬಾಯಿ ತೆರೆದ. ಸೇತುವೆಯ ಮೇಲಿದ್ದವರೆಲ್ಲ ಗಾಬರಿಯಿಂದ ಕಿವಿ ಮುಚ್ಚಿಕೊಂಡರು. “ಹೇಳ್ಬೇಡ್ರೀ! ಈಗ್ಲೇ ಹೇಳ್ಬೇಡಿ! ಮುಂದಿನ ಭಾಗಕ್ಕಿರ್ಲಿ!” ಎಂಬ ಬೊಬ್ಬೆ ಎದ್ದಿತು. ರಾಜಭಟರು ನಗಾರಿ ಬಾರಿಸಿದರು. ಅಳಿಯ ಬಹಳ ಹೊತ್ತು ಏನೋ ಹೇಳಿದ. ಹೊನ್ನಮ್ಮನಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಪಕ್ಕದಲ್ಲಿದ್ದ ಅಭಿಮಾನಿ ಸಂಘದ ಅಧ್ಯಕ್ಷ ಬೆನ್ನು ಸವರಿದ: “ಅಳ್ಬೇಡ ಕಣಮ್ಮಾ. ಗೊತ್ತಿಲ್ದೇ ಇರೋದ್ರಲ್ಲೇ ಮಜಾ ಇರೋದು.”

ಅಟ್ಟಣಿಗೆಯ ಮೇಲಿಂದ ಇದನ್ನು ಕಂಡ ಉತ್ಕಂಠವರ್ಮರ ಕಣ್ಣೂ ಒದ್ದೆಯಾಯಿತು. “ನೋಡಿದೆಯಾ ಮಂತ್ರಿ, ನಮ್ಮ ಸೇತುವೆ ಒಬ್ಬ ಸೊಪ್ಪಿನವಳ ಹೃದಯವನ್ನೂ ಮುಟ್ಟಿತು!”

ಆ ಸಂಜೆಯೇ ಆಸ್ಥಾನವು ಮಹಾರಾಜರಿಗೆ ‘ಸರಣಿ ಸಾರ್ವಭೌಮ’ ಎಂಬ ಬಿರುದು ನೀಡಿ ಗೌರವಿಸಿತು. ಅವರು ಭಾಗ ಎರಡನ್ನು ಘೋಷಿಸಿದರು. ಅದು ಭಾಗ ಒಂದಕ್ಕೂ ಹಿಂದಿನ ಕಥೆಯಾದ್ದರಿಂದ, ಈಗ ಕಟ್ಟಿರುವುದನ್ನು ಕೆಡವಿ ಈಚೆ ದಡದಿಂದಲೇ ಮತ್ತೆ ಶುರುಮಾಡಲಾಗುವುದು ಎಂದಾಗ ಜಯಘೋಷ ಮುಗಿಲು ಮುಟ್ಟಿತು.

ಬೆಳಗಾಗುವಷ್ಟರಲ್ಲಿ ರಾಜಧಾನಿಯ ಗೋಡೆಗಳ ಮೇಲೆಲ್ಲ ಹೊನ್ನಮ್ಮನ ಅಳುವ ಮುಖದ ಪೋಸ್ಟರ್. ಕೆಳಗೆ ‘ಪ್ರೇಕ್ಷಕರ ಮನಗೆದ್ದ ಸೇತುವೆ’ ಎಂದು ಬರೆದಿತ್ತು. ಪೋಸ್ಟರಿನ ಖರ್ಚಿಗೆಂದು ಸೊಪ್ಪಿನ ಮೇಲೆ ಹೊಸ ಸುಂಕ ಹಾಕಿದರು. ಹೊನ್ನಮ್ಮ ಸಂತೆಯ ಬಾಗಿಲಲ್ಲಿ ಬುಟ್ಟಿ ಇಳಿಸಿ, ಎಲ್ಲರಂತೆ ಆ ಸುಂಕ ಕಟ್ಟಿ ಒಳಗೆ ಹೋದಳು.