ಪ್ರಶಾಂತಿ ಗಡಿಯಾರ ಮತ್ತು ಹೊಲಿಗೆಯಕ್ಕನ ತಮ್ಮ

ಪ್ರಾರ್ಥನೆಯ ವೇಳೆಯಲ್ಲಿ ಎದೆ ಹೊಡೆದುಕೊಳ್ಳುವುದು ಅಶಿಸ್ತು ಎಂದು ನಮ್ಮ ಪ್ರಾರ್ಥನಾ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಅದಕ್ಕೆ ಮೊದಲು ಈ ವಿಷಯದಲ್ಲಿ ಯಾವ ನಿಯಮವೂ ಇರಲಿಲ್ಲ. ಯಾರ ಎದೆ ಹೇಗೆ ಬೇಕಾದರೂ ಹೊಡೆದುಕೊಳ್ಳಬಹುದಾಗಿತ್ತು. ಈ ಅರಾಜಕತೆಯನ್ನು ಕೊನೆಗಾಣಿಸಿದವರು ಮಂಡಳಿಯ ಕಾರ್ಯದರ್ಶಿಗಳು. ಅವರಿಗೆ ಮುಖ್ಯ ರಸ್ತೆಯಲ್ಲಿ ಮೊಬೈಲ್ ಅಂಗಡಿ ಇದೆ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ಕೈಗಡಿಯಾರಗಳಿಗೂ ಈ ತೀರ್ಮಾನಕ್ಕೂ ಯಾವ ಸಂಬಂಧವೂ ಇಲ್ಲವೆಂದು ಸಭೆಯ ನಡಾವಳಿಯಲ್ಲೇ ಬರೆದಿರುವುದರಿಂದ ಆ ಬಗ್ಗೆ ಯಾರೂ ಅನುಮಾನಪಡಬೇಕಾಗಿಲ್ಲ.

ಹೀಗೆ ಸದಸ್ಯರೆಲ್ಲ ಕೊಂಡ ಈ ಪ್ರಶಾಂತಿ ಗಡಿಯಾರ ನಾಡಿ ಅಳೆಯುತ್ತದೆ. ಮನಸ್ಸು ತಣ್ಣಗಿದ್ದರೆ ಹಸಿರು, ಸ್ವಲ್ಪ ಕದಡಿದರೆ ಹಳದಿ, ಕಳವಳವಿದ್ದರೆ ಕೆಂಪು. ಈ ಬಣ್ಣ ಕೈಯಿಂದ ಫೋನಿಗೆ, ಫೋನಿನಿಂದ ಮಂಡಳಿಯ ಗ್ರೂಪಿಗೆ ತಾನಾಗಿಯೇ ಹೋಗುತ್ತದೆ. ಎಲ್ಲರ ಬಣ್ಣದ ಸರಾಸರಿ ಪ್ರಾರ್ಥನಾ ಮಂಡಳಿಗಳ ಒಕ್ಕೂಟಕ್ಕೂ ಹೋಗುತ್ತದೆ. ಹಸಿರು ಬಂದವರಿಗೆ ಉಳಿದವರು ಕೈಮುಗಿಯುವ ಚಿತ್ರ ಒತ್ತುತ್ತಿದ್ದರು. ಕೆಂಪು ಬಂದವರಿಗೆ ಯಾರೂ ಏನೂ ಒತ್ತುತ್ತಿರಲಿಲ್ಲ. ನೋಡಿದ ಗುರುತು ಮಾತ್ರ ಎಲ್ಲರದೂ ಇರುತ್ತಿತ್ತು.

ನಮ್ಮಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ವಾರದ ಸಭೆಯಲ್ಲಿ ಸದಸ್ಯರ ಕೋರಿಕೆಗಳನ್ನು ಗಟ್ಟಿಯಾಗಿ ಓದುವುದು, ಎಲ್ಲರೂ ಸೇರಿ ಅದಕ್ಕಾಗಿ ಪ್ರಾರ್ಥಿಸುವುದು. ಗಡಿಯಾರ ಬಂದ ಮೇಲೆ ಸುತ್ತೋಲೆಯೂ ಬಂತು: "ಕಳವಳಗೊಂಡವರ ಕೋರಿಕೆಯನ್ನು ಕೇಳಿ ಇತರ ಸದಸ್ಯರ ನಾಡಿಯೂ ಏರುವ ಸಂಭವವಿರುವುದರಿಂದ ಇನ್ನು ಮುಂದೆ ಹಸಿರು ಸದಸ್ಯರ ಕೋರಿಕೆಗಳನ್ನು ಮಾತ್ರ ಓದಲಾಗುವುದು. ಕಷ್ಟದಲ್ಲಿರುವವರು ಕಷ್ಟ ಪರಿಹಾರವಾದ ನಂತರ ಅರ್ಜಿ ಸಲ್ಲಿಸತಕ್ಕದ್ದು."

ಇದರಿಂದ ಸಭೆಗೆ ಒಂದು ಕಳೆ ಬಂತು. ಕಟ್ಟಡ ಗುತ್ತಿಗೆದಾರರು ತಮ್ಮ ಮನೆಯ ಗಾಳಿಗೆ ಎದುರುಮನೆಯ ಮಹಡಿ ಅಡ್ಡ ಬರದಿರಲೆಂದು ಕೋರಿದರು. ಒಬ್ಬರು ತಮ್ಮ ಅಡುಗೆಯ ವಿಡಿಯೋ ಹೆಚ್ಚು ಜನರನ್ನು ತಲುಪಲೆಂದರು. ಇನ್ನೊಬ್ಬರಿಗೆ ಕೇಳಿಕೊಳ್ಳುವುದಕ್ಕೇ ಏನೂ ಹೊಳೆಯಲಿಲ್ಲ. ಎಲ್ಲ ಹೀಗೇ ನಡೆದುಕೊಂಡು ಹೋಗಲಿ ಎಂದು ಬರೆದುಕೊಟ್ಟರು. ನಾವೆಲ್ಲ ಕಣ್ಣುಮುಚ್ಚಿ ಪ್ರಾರ್ಥಿಸಿದೆವು.

ವರ್ಷಗಟ್ಟಲೆ ಪ್ರಾರ್ಥನೆ ನಡೆಸಿಕೊಂಡು ಬಂದಿದ್ದ ಹಿರಿಯರು ಮಾತ್ರ ಮೊದಲ ವಾರವೇ ಕೆಂಪಾದರು. ಯಾರ ಮನೆಯಲ್ಲಿ ಏನು ತಾಪತ್ರಯವಿದೆ ಎಂಬುದು ಅವರಿಗೆ ಗೊತ್ತಿತ್ತು, ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು. ಮಂಡಳಿಯು ಅವರ ಸೇವೆಯನ್ನು ಸ್ಮರಿಸಿ, ಬಾಗಿಲ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಟ್ಟಿತು.

ಹೀಗಿರುವಾಗ ಹೊಲಿಗೆಯಕ್ಕನ ತಮ್ಮ ಬಿದ್ದ. ಅಕ್ಕ ನಮ್ಮ ಮಂಡಳಿಯ ಸದಸ್ಯೆ, ಸಂತೆಕಟ್ಟೆಯ ಹಿಂದಿನ ಓಣಿಯಲ್ಲಿ ಪ್ಯಾಂಟು ಮೋಟು ಮಾಡುವುದು, ಜಿಪ್ಪು ಬದಲಿಸುವುದು, ಹೀಗೆ ಹೊಲಿಗೆ ಮಾಡಿಕೊಂಡಿರುವವರು. ತಮ್ಮನದು ಗೋಡೆಗೆ ಬಣ್ಣ ಬಳಿಯುವ ಕೆಲಸ. ಇಬ್ಬರದೂ ಒಂದೇ ಮನೆ, ಇಬ್ಬರಿಗೂ ಬೇರೆ ಯಾರೂ ಇಲ್ಲ. ಗೋಡೆಗೆ ಕಟ್ಟಿದ್ದ ಸಾರುವೆಯ ಹಲಗೆ ಜಾರಿ ತಲೆಗೆ ಪೆಟ್ಟಾಗಿ, ಅವನು ಪ್ರಜ್ಞೆಯಿಲ್ಲದೆ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದ. ಡಾಕ್ಟರು ಕಾದು ನೋಡೋಣ ಎಂದಿದ್ದರು. ಅಕ್ಕ ಚೀಟಿ ಬರೆಸಿಕೊಂಡು ಕಾರ್ಯದರ್ಶಿಗಳ ಅಂಗಡಿಗೆ ಬಂದರು.

"ಓದ್ಸಿ ಸಾರ್. ಎಲ್ಲರೂ ಒಟ್ಟಿಗೆ ಕೇಳ್ಕೊಂಡ್ರೆ ನಂಗೊಂದು ಧೈರ್ಯ."

ಕಾರ್ಯದರ್ಶಿಗಳು ಅವರ ಮಣಿಕಟ್ಟು ನೋಡಿದರು. "ಕೆಂಪಿದೆಯಲ್ಲಕ್ಕಾ."

"ತಮ್ಮ ಕಣ್ಣು ಬಿಟ್ಟಿಲ್ಲ ಸಾರ್. ಇನ್ಯಾವ ಬಣ್ಣ ಬರುತ್ತೆ?"

"ಅದೇ ತಪ್ಪು ನೋಡಿ. ಪ್ರಾರ್ಥನೆ ಮಾಡುವಾಗ ನೀವು ತಮ್ಮನ ಯೋಚನೆ ಮಾಡ್ತೀರ. ಅದನ್ನ ಬಿಟ್ಟು ಮಾಡಿ."

"ತಮ್ಮನ ಯೋಚನೆ ಬಿಟ್ಟು ತಮ್ಮನಿಗೋಸ್ಕರ ಪ್ರಾರ್ಥನೆ ಮಾಡೋದಾ?"

"ಹೂಂ. ಬೇರೆಯವರೆಲ್ಲ ಹಾಗೇ ಮಾಡ್ತಿರೋದು."

ಅಕ್ಕ ಪ್ರಯತ್ನಪಟ್ಟರು. ಅಂಚು ಮಡಿಚಿ ಹೊಲಿಯುವಾಗ ಬಣ್ಣ ಹಳದಿಗಿಳಿಯುತ್ತಿತ್ತು. ಆದರೆ ಬಾಗಿಲ ಹಿಂದೆ ತೂಗುಹಾಕಿದ್ದ ತಮ್ಮನ ಅಂಗಿ ಕಂಡರೆ ಸಾಕು, ಮತ್ತೆ ಕೆಂಪು. ಆಸ್ಪತ್ರೆಯಲ್ಲಂತೂ ಕೇಳುವುದೇ ಬೇಡ. ಒಂದು ಮಧ್ಯಾಹ್ನ ತಮ್ಮನ ಮೈ ಒರೆಸುವುದಕ್ಕೆಂದು ಗಡಿಯಾರ ಬಿಚ್ಚಿದರು. ಇಡಲು ಜಾಗವಿಲ್ಲದೆ ಅವನ ಕೈಗೇ ಕಟ್ಟಿದರು. ಸ್ವಲ್ಪ ಹೊತ್ತಿಗೆ ಫೋನ್ ಟಿಣ್ ಎಂದಿತು. ಹಸಿರು.

ಅಕ್ಕ ಫೋನನ್ನೂ ತಮ್ಮನನ್ನೂ ಒಂದೆರಡು ಸಲ ನೋಡಿದರು. ಬಕೆಟ್ಟಿನ ನೀರು ಚೆಲ್ಲಿ ಬಂದರು. ಗಡಿಯಾರವನ್ನು ಬಿಚ್ಚಲಿಲ್ಲ.

ಇಂಥ ಹಸಿರನ್ನು ಮಂಡಳಿ ಅದುವರೆಗೆ ಕಂಡಿರಲಿಲ್ಲ. ಬೆಳಿಗ್ಗೆ ಹಸಿರು, ಸಂಜೆ ಹಸಿರು, ಮುಂಗೋಳಿ ಹೊತ್ತಿನಲ್ಲೂ ಹಸಿರು. ಗ್ರೂಪಿನಲ್ಲಿ ಮುಗಿದ ಕೈಗಳು ರಾಶಿ ಬಿದ್ದವು. ಕೋರಿಕೆಯನ್ನು ಆ ವಾರವೇ ಓದಿಸಲಾಯಿತು, ಯಾರ ನಾಡಿಯೂ ಏರಲಿಲ್ಲ. ಬಳಿಕ "ಆಪತ್ತಿನಲ್ಲೂ ಅಲುಗದ ಮನಸ್ಸು" ಎಂಬ ವಿಷಯದ ಮೇಲೆ ನಾಲ್ಕು ಮಾತಾಡುವಂತೆ ಅಕ್ಕನನ್ನು ವೇದಿಕೆಗೆ ಕರೆದರು. ಫೋನುಗಳೆಲ್ಲ ಅವರ ಕಡೆ ತಿರುಗಿದವು.

"ನಾನೇನೂ ಮಾಡಿಲ್ಲ," ಎಂದರು ಅಕ್ಕ. "ಅವನು ಸುಮ್ನೆ ಮಲಗಿರ್ತಾನೆ. ನಾನು ನೋಡ್ತಾ ಕೂತಿರ್ತೀನಿ."

ಸಭೆ ಕೈಮುಗಿಯಿತು. ಮರುದಿನ ಈ ಮಾತು ಸೂರ್ಯೋದಯದ ಚಿತ್ರದ ಮೇಲೆ ಅಚ್ಚಾಗಿ ಎಲ್ಲರ ಫೋನಿಗೂ ಬಂತು. ಅದರಲ್ಲಿ "ಅವನು" ಎಂದರೆ ಯಾರು ಎಂಬ ಬಗ್ಗೆ ಪಂಡಿತರು ಇಬ್ಭಾಗವಾದರು.

ಆದರೆ ತಮ್ಮ ಕಣ್ಣು ಬಿಟ್ಟುಬಿಟ್ಟ. ಅಕ್ಕ ಅವನ ಕಾಲು ತಿಕ್ಕುತ್ತಿದ್ದಾಗ, "ಅಕ್ಕಾ, ಬಣ್ಣದ ಡಬ್ಬ ಮುಚ್ಚಿದ್ನಾ ನಾನು?" ಎಂದು ಕೇಳಿದ.

"ಮುಚ್ಚಿದೀಯ ಕಣೋ. ಒಣಗಿಲ್ಲ. ಮಲಕ್ಕೋ," ಎಂದರು ಅಕ್ಕ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅದನ್ನು ನೋಡಿ ತಮ್ಮನೂ ಅತ್ತ. ಕೈಯಲ್ಲಿದ್ದ ಗಡಿಯಾರ ಕೆಂಪಾಗಿ ಇಡೀ ವಾರ್ಡು ತಿರುಗುವಂತೆ ಕೂಗಿಕೊಂಡಿತು.

ಸಂಜೆಗೆ ಕಾರ್ಯದರ್ಶಿಗಳು ಗುತ್ತಿಗೆದಾರರನ್ನು ಕರೆದುಕೊಂಡು ಆಸ್ಪತ್ರೆಗೇ ಬಂದರು. ಅಕ್ಕ ನಡೆದದ್ದನ್ನು ನಡೆದ ಹಾಗೇ ಹೇಳಿದರು. ತಪ್ಪಾಯ್ತು ಎನ್ನಲಿಲ್ಲ. ತಮ್ಮ ಗಂಜಿ ಕುಡಿಯುತ್ತಿದ್ದ.

"ಎದ್ದಿದ್ದು ಸಂತೋಷಾನೇ," ಎಂದರು ಕಾರ್ಯದರ್ಶಿಗಳು. "ಆದ್ರೆ ಮಂಡಳಿ ಸರಾಸರಿ ದಬಕ್ಕಂತ ಬಿದ್ದೋಯ್ತಲ್ಲಕ್ಕಾ. ಒಕ್ಕೂಟದಿಂದ ಫೋನ್ ಬಂದಿತ್ತು, ಏನಾಯ್ತು ನಿಮ್ಮಲ್ಲಿ ಅಂತ."

ಅವರು ಕೋಪ ಮಾಡಿಕೊಂಡರೆಂದು ಯಾರೂ ಭಾವಿಸಬಾರದು. ವ್ಯಾಪಾರಸ್ಥರು. ವಾರ್ಡಿನ ಎರಡೂ ಬದಿಯ ಹಾಸಿಗೆಗಳ ಮೇಲೆ ಕಣ್ಣಾಡಿಸಿದರು. "ಇವರೆಲ್ಲ ಹೀಗೇ ಮಲಗಿರ್ತಾರಾ ಸಿಸ್ಟರ್?"

"ಹೆಚ್ಚಿನವರು," ಎಂದಳು ನರ್ಸು.

"ಪಾಪ," ಎಂದು ಕಾರ್ಯದರ್ಶಿಗಳು ಹಾಸಿಗೆಗಳನ್ನು ಎಣಿಸಿದರು.

ನಿಯಮಕ್ಕೆ ತಿದ್ದುಪಡಿಯಾಯಿತು: "ಸದಸ್ಯರು ತಮ್ಮ ಗಡಿಯಾರವನ್ನು ತಮಗಿಂತ ಶಾಂತರಾದ ಪ್ರತಿನಿಧಿಯ ಕೈಗೆ ಕಟ್ಟಬಹುದು. ಪ್ರತಿನಿಧಿಯು ಉಸಿರಾಡುತ್ತಿರುವುದು ಕಡ್ಡಾಯ." ಆಸ್ಪತ್ರೆಗೆ ಮಂಡಳಿಯ ಹೆಸರು ಬರೆದ ಹೊಸ ಗೇಟು ಬಂತು. ಸಭೆಯ ಮುಂದಿನ ಸಾಲಿನಲ್ಲಿ ಕೂರುವ ಸದಸ್ಯರಿಗೆ ಕಿಟಕಿ ಪಕ್ಕದ ಹಾಸಿಗೆಗಳನ್ನು ಹಂಚಲಾಯಿತು.

"ನಮ್ಮವರ ಹೆಸರನ್ನೂ ಸಭೆಯಲ್ಲಿ ಓದ್ತೀರಾ?" ಎಂದು ರೋಗಿಗಳ ಮನೆಯವರು ಕೇಳಿದರು.

"ಅವರು ಸದಸ್ಯರಲ್ಲವಲ್ಲ. ನೀವು ಸದಸ್ಯರಾಗಿ, ಗಡಿಯಾರ ತಗೊಳ್ಳಿ," ಎಂದರು ಕಾರ್ಯದರ್ಶಿಗಳು.

ಅವರು ತೆಗೆದುಕೊಂಡರು. ಆದರೆ ರೋಗಿಯ ಒಂದು ಕೈ ಆಗಲೇ ಯಾರೋ ಸದಸ್ಯರ ಪಾಲಾಗಿತ್ತು, ಇನ್ನೊಂದಕ್ಕೆ ಗ್ಲೂಕೋಸ್ ಹಾಕಿದ್ದರು. ಅವರಿಗೆ ಕಾಯುವಂತೆ ತಿಳಿಸಲಾಗಿದೆ.

ಹಿರಿಯರು ಗಡಿಯಾರವಿಲ್ಲದೆ ವಾರ್ಡಿಗೆ ಬಂದು ಒಬ್ಬೊಬ್ಬರ ಕೈಹಿಡಿದು ಕೂರತೊಡಗಿದರು. ಕೈಹಿಡಿದಾಗ ಕೆಲವು ಪ್ರತಿನಿಧಿಗಳ ನಾಡಿ ಏರುತ್ತಿರುವುದು ಕಂಡುಬಂದದ್ದರಿಂದ, ಪ್ರತಿನಿಧಿಗಳನ್ನು ಮುಟ್ಟಬಾರದೆಂದು ಅವರಿಗೆ ಲಿಖಿತವಾಗಿ ವಿನಂತಿಸಲಾಯಿತು. ಹಿರಿಯರು ಒಪ್ಪಿದರು. ಅವರಿಗೂ ವಯಸ್ಸಾಗಿದೆ.

ಗಡಿಯಾರದ ರಬ್ಬರ್ ಪಟ್ಟಿಯಿಂದ ರೋಗಿಗಳ ಚರ್ಮ ಕೆಂಪಾಗುತ್ತಿತ್ತು. ಬದಲಿಗೆ ಮೆತ್ತನೆಯ ಬಟ್ಟೆಯ ಪಟ್ಟಿ ಹೊಲಿಯುವ ಕೆಲಸ ಹೊಲಿಗೆಯಕ್ಕನಿಗೇ ಸಿಕ್ಕಿತು. ತಮ್ಮ ಇನ್ನೂ ಸಾರುವೆ ಹತ್ತುವಂತಿಲ್ಲ, ಔಷಧ ನಿಂತಿಲ್ಲ. ಅಕ್ಕ ಒಪ್ಪಿಕೊಂಡರು. ಮೊದಲ ಪಟ್ಟಿಯನ್ನು ಅವರು ಮತ್ತೆ ಮತ್ತೆ ಬಿಚ್ಚಿ ಹೊಲಿದರಂತೆ. ಆಗ ಅವರು ಗಡಿಯಾರ ಕಟ್ಟಿರಲಿಲ್ಲವಾದ್ದರಿಂದ ಬಣ್ಣ ದಾಖಲಾಗಿಲ್ಲ.

ಈಗ ನಮ್ಮ ಸಭೆ ಬಹಳ ಲವಲವಿಕೆಯಿಂದ ನಡೆಯುತ್ತದೆ. ಪ್ರಾರ್ಥನೆಯನ್ನು ವಾರ್ಡಿನವರು ನೋಡಿಕೊಳ್ಳುವುದರಿಂದ ನಮಗೆ ಮಾತಾಡುವುದಕ್ಕೂ ಫೋನ್ ನೋಡುವುದಕ್ಕೂ ಬಿಡುವಾಗಿದೆ. ಒಕ್ಕೂಟದಲ್ಲಿ ನಮ್ಮದೇ ಮೊದಲ ಸ್ಥಾನ. ಯಾರಾದರೂ ರೋಗಿ ಎಚ್ಚರಗೊಂಡರೆ ನರ್ಸು ಮೊದಲು ಮಂಡಳಿಯ ಕಚೇರಿಗೆ ಫೋನ್ ಮಾಡಬೇಕು, ನಂತರ ಗಡಿಯಾರವನ್ನು ಬೇರೆ ಹಾಸಿಗೆಗೆ ವರ್ಗಾಯಿಸಬೇಕು, ಆಮೇಲೆ ಮನೆಯವರಿಗೆ ತಿಳಿಸಬೇಕು. ಗ್ರೂಪಿನಲ್ಲಿ "ನಮ್ಮ ಪ್ರತಿನಿಧಿಯೊಬ್ಬರು ಎಚ್ಚರಗೊಂಡಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ" ಎಂಬ ಪ್ರಕಟಣೆ ಬರುತ್ತದೆ. ನಾವು ಕಣ್ಣೀರಿನ ಚಿತ್ರ ಒತ್ತುತ್ತೇವೆ.

ಮೊನ್ನೆ ಒಬ್ಬ ಹುಡುಗಿ ಎದ್ದಳು. ನರ್ಸು ಎಲ್ಲ ಕ್ರಮ ಮುಗಿಸಿ ಅವಳ ತಾಯಿಗೆ ಫೋನ್ ಮಾಡಿದಳು. "ಅಮ್ಮಾ, ನಿಮ್ಮ ಮಗಳು ಕಣ್ಣು ಬಿಟ್ಟಿದ್ದಾಳೆ. ನಿಮ್ಮನ್ನೇ ಕೇಳ್ತಿದ್ದಾಳೆ."

ತಾಯಿ ದನಿ ತಗ್ಗಿಸಿ ಕೇಳಿದರು:

"ಮಂಡಳಿಯವರಿಗೇನೂ ತೊಂದರೆ ಆಗ್ಲಿಲ್ಲ ತಾನೆ?"