ಇನ್ನೂ ಮುಗೀದ ಹಾಫ್ ಟೈಮು

ನಮ್ಮ ದೊಡ್ಡಪ್ಪನಂಥ ಹಾಕಿ ಆಟಗಾರ ಇಡೀ ಬಂಗಾರಪೇಟೆ ತಾಲ್ಲೂಕಲ್ಲಿ ಇನ್ನೊಬ್ಬ ಇಲ್ಲ. ನಾನು ಹೇಳ್ತಿಲ್ಲಪ್ಪ, ಅವ್ನೇ ಹೇಳ್ತಾನೆ! ದಿನಾ! ಹಲ್ಲುಜ್ಜುವಾಗ್ಲೂ!

ಅವ್ನು ಆಗ ಕೆಜಿಎಫ್‌ನ ಮೈಸೂರು ಮೈನ್ಸಲ್ಲಿ ಚಿನ್ನದ ಗಣಿಗೆ ಇಳೀತಿದ್ದ. ಆ ಕಾಲಕ್ಕೆ ಅಲ್ಲಿ ಬೀದಿನಾಯಿಗಿಂತ ಹಾಕಿ ಟೀಮುಗಳೇ ಜಾಸ್ತಿಯಂತೆ. ಈಗ ಒಂದೂ ಇಲ್ಲ, ಚರಿತ್ರೆ ಮಾತ್ರ ದೊಡ್ಡಪ್ಪನ ಬಾಯಲ್ಲಿದೆ. ಆಸ್ಪತ್ರೆ ಟೀಮಿನವರು ಎದುರಾಳಿ ಮೊಣಕಾಲಿಗೆ ಬಾರಿಸಿ, ತಾವೇ ಬ್ಯಾಂಡೇಜೂ ಕಟ್ಟಿ ಕಳಿಸ್ತಿದ್ರಂತೆ. ಗಣಿಗಿಳಿಯೋರಿಗೆ ತಲೆದೀಪ ಕೊಡ್ತಿದ್ದ ಲ್ಯಾಂಪ್ ರೂಮ್ ಟೀಮು ವರ್ಷಕ್ಕೊಂದು ಗೋಲ್ ಹೊಡೆದು ಇಡೀ ಕಾಲೋನಿಗೆ ಲಡ್ಡು ಹಂಚ್ತಿತ್ತಂತೆ. ಗಣಿಯೊಳಗೆ ಆಸರೆ ಮರ ನಿಲ್ಲಿಸ್ತಿದ್ದ ಮರದ ಡಿಪೋ ಟೀಮಿನವರು ಸ್ಟಿಕ್ ತಾವೇ ಕೆತ್ಕೊಂಡು ಬರೋರು. ಒಂದೊಂದೂ ಒನಕೆ! ಅಂಪೈರು ಯಾವಾಗ್ಲೂ ಅವ್ರ ಪರವಾಗೇ ಯಾಕೆ ಸೀಟಿ ಊದ್ತಿದ್ದ ಅಂತ ಬಿಡಿಸಿ ಹೇಳ್ಬೇಕಾ?

ಒಂದ್ಸಲ ಬೆಂಗಳೂರು ರೈಲಲ್ಲಿ ಪಕ್ಕದ ಸೀಟಿನವರಿಗೆ ಈ ಚರಿತ್ರೆ ಶುರು ಮಾಡ್ದ. ಪಾಪ, ಅವ್ರು ಮಾಲೂರಲ್ಲೇ ಇಳಿದು ಓಡಿದ್ರು. ಟಿಕೆಟ್ ಇದ್ದಿದ್ದು ಬೆಂಗಳೂರಿಗೆ!

ಗಣಿಯವರ ಆಟಕ್ಕೆ ಒಂದು ಪದ್ಧತಿ ಇತ್ತು. ಸೈರನ್ ಊದಿದ್ರೆ ಆಟ ಬಂದ್. ಗೋಲ್ ಮುಂದೆ ಚೆಂಡಿದ್ರೂ ಬಿಟ್ಟು ಶಿಫ್ಟಿಗೆ ಇಳೀಬೇಕು, ಉಳಿದ ಆಟ ಮುಂದಿನ ವಾರ. ದೊಡ್ಡಪ್ಪನ ಟೀಮಿಗೂ ಮರದ ಡಿಪೋಗೂ ಫೈನಲ್ಲು. ಒಂದು-ಒಂದು. ಹಾಫ್ ಟೈಮಲ್ಲಿ ಸೈರನ್ ಊದ್ತು. ಮುಂದಿನ ವಾರ ಬರೋ ಅಷ್ಟೊತ್ತಿಗೆ ಗಣೀನೇ ಮುಚ್ಚಿಹೋಯ್ತು! ಅಂದ್ರೆ ನಮ್ಮ ದೊಡ್ಡಪ್ಪಂಗೆ ನಾನು ಹುಟ್ಟೋಕೆ ಮುಂಚಿಂದ್ಲೂ ಹಾಫ್ ಟೈಮು!

ನಮ್ಮಕ್ಕನ ಮದ್ವೇಲಿ ಊಟದ ಪಂಕ್ತಿಯಿಂದ ಎದ್ದೇಬಿಟ್ಟ. ಪಕ್ಕದಲ್ಲಿ ಮರದ ಡಿಪೋ ಕ್ಯಾಪ್ಟನ್ ಕೂತಿದ್ರು.

"ಎಲ್ಲಿಗ್ ಓಯ್ತಿದ್ದೀಯಾ ದೊಡ್ಡಪ್ಪ? ಪಾಯಸ ಬತ್ತೈತೆ!"

"ಹಾಫ್ ಟೈಮ್‌ನಾಗೆ ಎದುರು ಟೀಮ್ ಜತೆ ಯಾರನ ಉಣ್ತಾರೇನ್ಲೇ?"

ಆ ಕಡೆಯಿಂದ ಕ್ಯಾಪ್ಟನ್, "ಡೇಯ್, ಸೋಲೋ ಬಯ ಇರೋನು ಅಂಗೇ ಓಡೋದು!" ಅಂದ್ರು. ಅಷ್ಟು ಹೇಳೋಷ್ಟರಲ್ಲಿ ಮೂರು ಸಲ ಕೆಮ್ಮಿದ್ರು. ಗಣಿ ಧೂಳು ಕುಡ್ದು ಕುಡ್ದು ಅವ್ರ ಎದೆ ಕೆಟ್ಟೋಗಿತ್ತು. ದೊಡ್ಡಪ್ಪ ಆ ಕೆಮ್ಮು ಕೇಳಿಸ್ಕೊಂಡ. ಅವತ್ತಿಂದ ಅವ್ನಿಗೆ ಒಂದೇ ಜಪ: "ಅವ್ನ ಉಸ್ರು ಇರೋವಾಗ್ಲೇ ಮ್ಯಾಚ್ ಮುಗಿಸ್ಬೇಕು."

ಹಳೇ ಆಟಗಾರರನ್ನ ಹುಡುಕೋಕೆ ಬೂದಿಕೋಟೆವರೆಗೂ ಬಸ್ಸಲ್ಲಿ ಸುತ್ತಿದ. ನಮ್ಮೋರು ಐದು ಜನ, ಅವ್ರು ನಾಲ್ಕು ಜನ ಸಿಕ್ಕಿದ್ರು. ಒಂಬತ್ತು ಜನಕ್ಕೆ ಸೇರಿ ಹಲ್ಲು ಎಷ್ಟಿದ್ವು ಅಂತ ಕೇಳ್ಬೇಡಿ! ಮ್ಯಾಚಿನ ದಿನ ಹಳೇ ಗ್ರೌಂಡಲ್ಲಿ ಸೀಟಿ ನನ್ನ ಕೈಗೆ ಬಂತು.

"ನಂಗೆ ರೂಲ್ಸ್ ಗೊತ್ತಿಲ್ಲ ದೊಡ್ಡಪ್ಪ."

"ಅಂಪೈರ್‌ಗೆ ಯಾವತ್ತು ಗೊತ್ತಿತ್ತು? ಊದು!"

ಮಗನ ಸ್ಕೂಟರಲ್ಲಿ ಬಂದ ಕ್ಯಾಪ್ಟನ್ ಗೋಲ್ ಮಧ್ಯೆ ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಕೂತ್ರು. ಅವ್ರೇ ಗೋಲ್ ಕೀಪರು! ಆಟ ಎಮ್ಮೆ ಮೇಯ್ದಂಗೆ ಸಾಗ್ತು. ಕೊನೆಗೆ ಚೆಂಡು ದೊಡ್ಡಪ್ಪನ ಸ್ಟಿಕ್ಕಿಗೆ ಬಂತು. ಎದುರಿಗೆ ಬರೀ ಚೇರು. ದೊಡ್ಡಪ್ಪ ನಿಂತೇಬಿಟ್ಟ.

"ಒಡೀಲಾ!" ಅಂತ ಕ್ಯಾಪ್ಟನ್ ಗುಡುಗಿದ್ರು. "ಪಾಪ ಅಂತ ಬಿಟ್ಕೊಟ್ರೆ ಕಾಲ್ ಮುರೀತೀನಿ!"

ದೊಡ್ಡಪ್ಪ ಹೊಡೆದ ನೋಡಿ! ಚೆಂಡು ಚೇರ್ ಪಕ್ಕದಲ್ಲೇ ಗುಂಡಿನ ಹಾಗೆ ಹೋಯ್ತು. ಎರಡು-ಒಂದು! ಸಿಕ್ಕಿದ್ದೇ ಛಾನ್ಸು ಅಂತ ಸೀಟಿ ಊದಿ ಮ್ಯಾಚ್ ಮುಗಿಸ್ದೆ.

ನಮ್ಮೋರು ದೊಡ್ಡಪ್ಪನ್ನ ಹೆಗಲ ಮೇಲೆ ಎತ್ತೋಕೆ ಬಂದ್ರು. "ನನ್ನಲ್ಲ ಕಣ್ರಲಾ, ಅವನ್ನ ಎತ್ತಿ" ಅಂದ. ಚೇರ್ ಸಮೇತ ಎತ್ತಿದ್ವಿ. ಒಂದು ಕಾಲು ದೊಡ್ಡಪ್ಪ, ಒಂದು ಕಾಲು ನಾನು, ಇನ್ನೆರಡು ಬೇರೆಯವ್ರು. ಎತ್ತಿದ ಮೇಲೇ ಗೊತ್ತಾಗಿದ್ದು, ಬರೀ ಚೇರ್ ಎತ್ತಿದಂಗಿತ್ತು. ನಾನು ದೊಡ್ಡಪ್ಪನ ಮುಖ ನೋಡ್ದೆ. ಅವ್ನು ನನ್ನ ನೋಡ್ಲಿಲ್ಲ. ಜೋರಾಗಿ ತಿಣುಕಿದ.

"ಅಯ್ಯಪ್ಪಾ! ಏನ್ಲಾ ಇಂಗ್ ಬಾರ ಆಗ್ಬಿಟ್ಟಿದ್ದೀಯಾ? ಸೊಸೆ ಏನ್ ಆಕಿ ಸಾಕ್ತಾವ್ಳೆ?"

"ದಿನಾ ಮಟನ್ ಡಾ!" ಮೇಲಿಂದ ಕ್ಯಾಪ್ಟನ್ ಕೆಮ್ತಾ ಕೆಮ್ತಾ ನಕ್ರು.

ಗ್ರೌಂಡ್ ಒಂದು ಸುತ್ತು ಬಂದ್ವಿ. ಇಳಿಸೋಣ ಅಂತ ಯಾರೂ ಅನ್ಲಿಲ್ಲ.